ರೊಟ್ಟಿ ಬಡಿಯುವ ಕೈ

ಫೆಬ್ರುವರಿ ೫, ೧೯೬೩

ಡಾಕ್ಟರು ಬರೆದಿಡಲು ಹೇಳಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ಯಾವ ಕೆಲಸಕ್ಕೆ ಮೊಣಕೈ ಚುಚ್ಚುತ್ತದೆ, ಯಾವಾಗ ಸುಮ್ಮನಾಗುತ್ತದೆ, ದಿನಕ್ಕೆ ಎರಡು ಸಾಲು ಸಾಕಂತೆ. "ಸಾಲಿ ಕಲ್ತೀರೇನವ್ವಾ?" ಅಂದರು. ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿದ್ದೇನೆ ಅಂದೆ. ತಲೆಯೆತ್ತಿ ನೋಡಿದರು. ದಾಂಡೇಲಿಯಲ್ಲಿ ಖಾನಾವಳಿ ನಡೆಸುವ ಹೆಂಗಸು ಮುಲ್ಕಿ ಪಾಸಾಗಬಾರದೆಂದು ಎಲ್ಲಿ ಬರೆದಿದೆ?

ಬಲಗೈ ಮೊಣಕೈಯ ಹೊರಮೈಯಲ್ಲಿ ಎಲುಬು ಉಬ್ಬಿರುತ್ತದಲ್ಲ, ಅಲ್ಲಿ ನೋವು. ದೀಪಾವಳಿಯ ಹೊತ್ತಿಗೆ ಶುರುವಾದದ್ದು. ಮೊದಮೊದಲು ರೊಟ್ಟಿ ಬಡಿದ ದಿನ ಸಂಜೆಗೆ ಉರಿಯುತ್ತಿತ್ತು. ಈಗ ಹಿಟ್ಟು ನಾದುವಾಗಲೇ ಬೆಂಕಿ ಹತ್ತಿ ಮಣಿಕಟ್ಟಿನವರೆಗೂ ಇಳಿಯುತ್ತದೆ. ತುಂಬಿದ ತಂಬಿಗೆ ಹಿಡಿದರೆ ಬೆರಳು ತಾವಾಗಿಯೇ ಬಿಚ್ಚಿಕೊಳ್ಳುತ್ತವೆ.

ಡಾಕ್ಟರು ಒತ್ತಿ ನೋಡಿ ಹೇಳಿದರು: "ಎಲುಬಿಗೆ ಏನೂ ಆಗಿಲ್ಲ. ಮುಂಗೈ ಮಾಂಸ ಎಲುಬಿಗೆ ಕೂಡೂದು ಒಂದು ಗಟ್ಟಿ ನಾರಿನಿಂದ. ಹಗ್ಗ ಅಂತ ತಿಳೀರಿ. ಅದನ್ನ ಜಗ್ಗಿ ಜಗ್ಗಿ ಎಳಿ ಬಿಚ್ಚೇತಿ. ರೊಟ್ಟಿ ಬಡಿಯೂದು ಸ್ವಲ್ಪ ದಿವಸ ಬಿಡ್ರಿ."

"ನಾ ಬಿಟ್ಟರ ಯಾರ ಬಡೀತಾರ್ರಿ?"

"ಮನ್ಯಾಗ ಮತ್ತ್ಯಾರೂ ಇಲ್ಲೇನು?"

"ಇಲ್ರಿ" ಅಂದೆ.

ಮನೆಯಲ್ಲಿ ಮಾಲವ್ವ ಇದ್ದಾಳೆ. ನನ್ನ ಸವತಿ. ನನಗೆ ಮಕ್ಕಳಾಗಲಿಲ್ಲವೆಂದು ನಮ್ಮ ಮನೆಯವರು, ಚನಬಸಪ್ಪನವರು, ಸನವಳ್ಳಿಯಿಂದ ಅವಳನ್ನು ಮಾಡಿಕೊಂಡು ಬಂದರು. ಅವಳಿಗೂ ಆಗಲಿಲ್ಲ. ಕಾಗದದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತೆಂದು ಧಾರವಾಡ ಕಡೆಯ ಊರು ಬಿಟ್ಟು ಮೂವರೂ ಇಲ್ಲಿಗೆ ಬಂದೆವು. ಎರಡು ಮಳೆಗಾಲ ಕಳೆಯುವುದರೊಳಗೆ ಅವರು ಜ್ವರದಲ್ಲಿ ಹೋದರು. ಉಳಿದವರು ನಾವಿಬ್ಬರು. ನಮ್ಮ ಕಡೆಯಿಂದ ಬಂದ ಕಾರ್ಮಿಕರು ಜೋಳದ ರೊಟ್ಟಿ ಇಲ್ಲದೆ ಒದ್ದಾಡುತ್ತಿದ್ದರು, ನಾನು ಹಂಚು ಇಟ್ಟೆ. ಅವಳು ನೀರು ತರುತ್ತಾಳೆ, ಪಾತ್ರೆ ತಿಕ್ಕುತ್ತಾಳೆ, ಕಾಯಿಪಲ್ಲೆ ಹೆಚ್ಚುತ್ತಾಳೆ. ಹಂಚಿನ ಮುಂದೆ ಕೂರುವವಳು ನಾನು. ಅಲ್ಲಿ ಅವಳನ್ನು ಕೂರಿಸಿಲ್ಲ, ಕೂರಿಸುವುದೂ ಇಲ್ಲ.

ಫೆಬ್ರುವರಿ ೭

ಒಗೆದ ಸೀರೆ ಹಿಂಡುವಾಗ ನೋವು. ಕೊಡ ಎತ್ತುವಾಗ. ಬಾಗಿಲ ಚಿಲಕ ಜಗ್ಗುವಾಗ. ದಿನಾ ಉಣ್ಣಲು ಬರುವ ಕಾರ್ಖಾನೆಯ ಯಲ್ಲಪ್ಪನಿಗೆ ಸಾರು ಬಡಿಸುವಾಗ ಸೌಟು ನಡುಗಿತು, ಅವನು ನೋಡಿಯೂ ನೋಡದವನ ಹಾಗೆ ಉಂಡ. ಬರೆಯುವಾಗಲೂ ನೋವು. ಇದನ್ನು ಡಾಕ್ಟರು ಯೋಚಿಸಿಲ್ಲ.

ಫೆಬ್ರುವರಿ ೧೩

ಮೊಣಕೈಗೇ ಸೂಜಿ ಹಾಕಿದರು. ಹೊಸ ಔಷಧವಂತೆ. ಕಣ್ಣಲ್ಲಿ ನೀರು ಬಂತು. "ನೋವು ಇಳಿದ್ರೂ ಕೈಗೆ ಕೆಲಸ ಕೊಡಬ್ಯಾಡ್ರಿ" ಎಂದು ಮತ್ತೆ ಮತ್ತೆ ಹೇಳಿದರು. ಹೂಂ ಅಂದೆ.

ಫೆಬ್ರುವರಿ ೧೯

ನೋವೇ ಇಲ್ಲ! ಕೈ ಹೊಸದಾದ ಹಾಗಿದೆ. ಕಾರ್ಖಾನೆಯಲ್ಲಿ ಬೆಳಗಾವಿ ಕಡೆಯವರು ಯಾರದೋ ಗೃಹಪ್ರವೇಶವೆಂದು ಬುಟ್ಟಿಗಟ್ಟಲೆ ರೊಟ್ಟಿ ಹೇಳಿದ್ದರು. ಬೆಳಕು ಹರಿಯುವ ಮೊದಲೇ ಕೂತು ಒಬ್ಬಳೇ ಬಡಿದು ಮುಗಿಸಿದೆ. "ನಾ ಒಂದಿಷ್ಟು ಬಡೀಲೇನ್ರಿ ಅಕ್ಕಾ" ಎಂದು ಮಾಲವ್ವ ಬಾಗಿಲಲ್ಲಿ ನಿಂತು ಕೇಳಿದಳು. ನೀರು ತುಂಬು ಹೋಗು ಅಂದೆ.

ಮಾರ್ಚ್ ೪

ನೋವು ತಿರುಗಿ ಬಂದು ಕೆಲವು ದಿನವಾಯಿತು, ಮೊದಲಿಗಿಂತ ಹೆಚ್ಚು. ಯಾರಿಗೂ ಹೇಳಿರಲಿಲ್ಲ.

ಇವತ್ತು ಹಿಟ್ಟಿಗೆ ಎಸರು ಇಳಿಸುವಾಗ ಕೈ ಸೋತಿತು. ಪಾತ್ರೆ ಓರೆಯಾಗಿ ಕುದಿಯುವ ನೀರು ಚೆಲ್ಲಿತು. ಮಾಲವ್ವ ಅಲ್ಲೇ ಕೂತು ಬದನೆಕಾಯಿ ಸೀಳುತ್ತಿದ್ದಳು. ಅವಳ ಎಡಪಾದದ ಮೇಲೆ ಬಿತ್ತು. ಅವಳು ಚೀರಲಿಲ್ಲ, ತುಟಿ ಕಚ್ಚಿಕೊಂಡು ಹಿಂದಕ್ಕೆ ಸರಿದಳು. ಚೀರಿದವಳು ನಾನು. "ಅಲ್ಲೇ ಯಾಕ ಕುಂತಿದ್ದಿ? ಮನ್ಯಾಗ ಬ್ಯಾರೆ ಜಾಗಾ ಇಲ್ಲೇನು?"

ಅವಳು ಕಾಲಿಗೆ ತಣ್ಣೀರು ಸುರಿದುಕೊಂಡಳು. ಅಷ್ಟರಲ್ಲಿ ಊಟದ ಹೊತ್ತಿನ ಭೋಂಗಾ ಕೂಗಿತು. ಕಾರ್ಖಾನೆಯ ಗೇಟಿನಿಂದ ನಮ್ಮ ಜಗುಲಿಗೆ ಎಷ್ಟು ಹೊತ್ತು? ಬುಟ್ಟಿಯಲ್ಲಿ ರೊಟ್ಟಿ ಅರ್ಧವೂ ಇರಲಿಲ್ಲ. ನಾನು ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ನಿಂತೇ ಇದ್ದೆ. ಅವಳು ಕುಂಟುತ್ತ ಹೋಗಿ, ಸುಟ್ಟ ಕಾಲನ್ನು ಮುಂದಕ್ಕೆ ಚಾಚಿ, ಹಂಚಿನ ಮುಂದೆ ಕೂತು ಹಿಟ್ಟು ಎಳೆದುಕೊಂಡಳು. ಬೇಡ ಅನ್ನಬೇಕೆಂದಿದ್ದೆ.

ಗುಳ್ಳೆ ದೊಡ್ಡದಾಗಿ ಎದ್ದಿದೆ. ಅವಳು ಬಗ್ಗಿ ಕೂತಿದ್ದಳು. ಮುಖದ ಮೇಲೆ ಬಿದ್ದಿದ್ದರೆ?

ಮಾರ್ಚ್ ೫

ಇನ್ನೊಂದು ಸೂಜಿ ಹಾಕಿರಿ ಎಂದು ಕೇಳಿದೆ. ಡಾಕ್ಟರು ಒಪ್ಪಲಿಲ್ಲ. "ಸೂಜಿ ನೋವು ಮುಚ್ಚತೈತಿ, ಹಗ್ಗ ಹೊಲಿಯೂದಿಲ್ಲ. ನೋವು ಮುಚ್ಚಿದ ಮ್ಯಾಲೆ ನೀವು ಏನ ಮಾಡಿದ್ರಿ ಅಂತ ನನಗ ಗೊತ್ತೈತಿ." ತಿಕ್ಕಿ, ಕೈಗೆ ಸಾಧನೆ ಮಾಡಿಸಿ, ಅದನ್ನು ತಿರುಗಿ ಗಟ್ಟಿ ಮಾಡಬೇಕಂತೆ. ತಿಂಗಳುಗಟ್ಟಲೆ ಬೇಕಂತೆ. ಮರದ ಡಿಪೋದ ಹಿಂದೆ ಮಾಗ್ದಲೀನಾ ಎಂಬ ಸಿದ್ದಿ ಹೆಂಗಸು ಇದ್ದಾಳೆ, ಮಿಶನ್ ದವಾಖಾನೆಯೊಂದರಲ್ಲಿ ಪೋಲಿಯೋ ಆದ ಮಕ್ಕಳ ಕೈಕಾಲು ತಿಕ್ಕಿ ನಡೆಸುವ ಕೆಲಸದಲ್ಲಿದ್ದಳು, ಅವಳ ಬಳಿ ಹೋಗಿರಿ ಅಂದರು.

ಸಿದ್ದಿಯವಳ ಕೈಯಿಂದ ಮುಟ್ಟಿಸಿಕೊಂಡು ಬರುವುದೆ? ಲಿಂಗ ಕಟ್ಟಿಕೊಂಡವಳು ನಾನು. ಜನ ಉಣ್ಣುವ ಮನೆ ನನ್ನದು.

ಮಾರ್ಚ್ ೮

ಹೋದೆ. ಹೋಗದೆ ಏನು ಮಾಡಲಿ?

ಅವಳ ಗಂಡ ಪಾವ್ಲು ಡಿಪೋದಲ್ಲಿ ದಿಮ್ಮಿ ಹೊರುತ್ತಾನೆ. ಅವಳಿಗೆ ನನ್ನದೇ ವಯಸ್ಸಿರಬೇಕು. ಅಂಗಳದಲ್ಲಿ ಮಣೆ ಹಾಕಿ ಕೂರಿಸಿದಳು. ನೋವು ಎಲ್ಲಿ ಎಂದು ಕೇಳಲಿಲ್ಲ, ರೊಟ್ಟಿ ಹೇಗೆ ಬಡಿಯುತ್ತೀರಿ, ಗಾಳಿಯಲ್ಲೇ ಬಡಿದು ತೋರಿಸಿರಿ ಅಂದಳು. ತೋರಿಸಿದೆ. ಒಳ್ಳೆ ನಾಟಕ ಮಾಡಿದ ಹಾಗಾಯಿತು. ಆಮೇಲೆ ಹೆಬ್ಬೆರಳು ತಂದು ಸರಿಯಾಗಿ ಅಲ್ಲಿಗೇ ಇಟ್ಟಳು.

"ಹಲ್ಲು ಕಚ್ಚಬ್ಯಾಡ್ರಿ ಗಂಗಾಬಾಯಿ. ಉಸುರು ಬಿಡ್ರಿ." ಶಿವಗಂಗವ್ವ ಅನ್ನುವ ನನ್ನ ಹೆಸರು ಅವಳ ಬಾಯಲ್ಲಿ ಗಂಗಾಬಾಯಿ ಆಯಿತು.

ಎಣ್ಣೆ ಸವರಿ ಮೇಲಿಂದ ಕೆಳಗೆ ತಿಕ್ಕುತ್ತಾಳೆ ಅಂದುಕೊಂಡಿದ್ದೆ. ಇವಳು ಆ ನಾರಿನ ಮೇಲೆ ಅಡ್ಡಡ್ಡ ತಿಕ್ಕಿದಳು, ಒಂದೇ ಜಾಗದಲ್ಲಿ, ಬಹಳ ಹೊತ್ತು. ಜೀವ ಹೋದ ಹಾಗಾಗಿ ನಂತರ ಆ ಜಾಗ ಮರಗಟ್ಟಿತು. ಬಳಿಕ ಮೊಣಕೈ ನೆಟ್ಟಗೆ ಮಾಡಿ ಅಂಗೈಯನ್ನು ಕೆಳಕ್ಕೆ ಮಡಚಿ ಹಿಡಿದಳು. ಮುಂಗೈಯೆಲ್ಲ ಜಗ್ಗಿತು.

ಸಾಧನೆ ಇದು: ಮುಂಗೈಯನ್ನು ಹಲಗೆಯ ಮೇಲೆ ಬೋರಲಾಗಿ ಇಟ್ಟು ಮಣಿಕಟ್ಟು ಅಂಚಿನಿಂದ ಹೊರಗೆ ಬರುವ ಹಾಗೆ ಕೂರಬೇಕು. ಕೈಯಲ್ಲಿ ಖಾಲಿ ತಂಬಿಗೆಯ ಕಂಠ ಹಿಡಿಯಬೇಕು. "ಏರಸೂದಕ್ಕ ಎಡಗೈ ಆಸರ ಕೊಡಲಿ. ಇಳಸೂದು ಮಾತ್ರ ಬಲಗೈ ಕೆಲಸ. ನಿಧಾನ."

"ನಿಧಾನ ಅಂದರ ಎಷ್ಟು?"

"ನಿಮಗ ಬ್ಯಾಸರ ಬರೂವಷ್ಟು."

ಸಣ್ಣ ನೋವಿದ್ದರೆ ಇರಲಿ, ಚುಚ್ಚಿದರೆ ನಿಲ್ಲಿಸಬೇಕು, ಮರುದಿನ ಬೆಳಿಗ್ಗೆ ನೋವು ಹೆಚ್ಚಿರಬಾರದು. ವಾಸಿಯಾಗುತ್ತದೆಯೇ ಎಂದು ಕೇಳಿದೆ. ಆಗಬೇಕು, ಆದರೆ ಆಣೆ ಮಾಡಿ ಹೇಳಲಾರೆ ಅಂದಳು.

ಮನೆಗೆ ಬಂದು ತಲೆಯ ಮೇಲೆ ನೀರು ಸುರಿದುಕೊಂಡು ಒಳಗೆ ಹೋದೆ.

ಮಾರ್ಚ್ ೧೨

ಮಾಲವ್ವ ರೊಟ್ಟಿ ಬಡಿಯುತ್ತಾಳೆ, ನಾನು ನೋಡುತ್ತ ಕೂರುತ್ತೇನೆ. ಇದಕ್ಕಿಂತ ಸೂಜಿಯೇ ಮೇಲು. ಎಸರು ಹೆಚ್ಚು ಹಾಕುತ್ತಾಳೆ. ಉಂಡೆ ಸಣ್ಣದು ಮಾಡುತ್ತಾಳೆ. ರೊಟ್ಟಿ ಹಂಚಿಗೆ ಹಾಕಿದ ಮೇಲೆ ನೀರು ಸವರುವುದಕ್ಕೆ ಒಂದು ಗಳಿಗೆ ತಡಮಾಡುತ್ತಾಳೆ. ಹೇಳಿದರೆ "ಹೂನ್ರಿ ಅಕ್ಕಾ" ಅನ್ನುತ್ತಾಳೆ, ಮತ್ತೆ ಹಾಗೇ ಮಾಡುತ್ತಾಳೆ.

ಯಲ್ಲಪ್ಪ ಮುರಿದು ನೋಡಿ, "ಏನವ್ವಾ, ಇವತ್ತ ರೊಟ್ಟಿ ತೆಳ್ಳಗ ಐತಿ, ಬಾಯಾಗ ಇಟ್ಟರ ಕರಗತೈತಿ" ಅಂದ. ನಾಲ್ಕು ವರ್ಷ ನನ್ನ ರೊಟ್ಟಿ ತಿಂದ ಬಾಯಿ ಅದು.

ಕೂತಲ್ಲಿ ಕೂರಲಾಗದೆ ಕಾಳಿ ನದಿಯವರೆಗೂ ನಡೆದುಹೋಗಿ ತಿರುಗಿ ಬಂದೆ. ಬಂದು ಒಂದು ಗಳಿಗೆ ಕೂತು ಮತ್ತೆ ಹೋದೆ.

ಮಾರ್ಚ್ ೧೬

ಬೇಗ ಗುಣವಾಗಲೆಂದು ತಂಬಿಗೆಗೆ ನೀರು ತುಂಬಿ, ಬೆಳಿಗ್ಗೆಯಿಂದ ಸಂಜೆಯವರೆಗೆ ಸಿಕ್ಕಾಗಲೆಲ್ಲ ಇಳಿಸಿದೆ. ಕೈ ಬಾತಿದೆ. ಇಷ್ಟು ಬರೆದದ್ದೇ ಹೆಚ್ಚು.

ಮಾರ್ಚ್ ೧೮

ಮಾಗ್ದಲೀನಾ ಬಯ್ದಳು. "ಬ್ಯಾನಿ ಜೋಡಿ ಕುಸ್ತಿ ಹಿಡೀತಿಯೇನ? ಇದು ಹಳಿಯಾಳದ ಗರಡಿ ಅಲ್ಲ." ನನ್ನನ್ನು ಹೀಗೆ ಏಕವಚನದಲ್ಲಿ ಗದರಿದವರು ನಮ್ಮವ್ವನ ನಂತರ ಯಾರೂ ಇಲ್ಲ. ಸಿಟ್ಟು ಬರಬೇಕಿತ್ತು. ಖಾಲಿ ತಂಬಿಗೆಯಿಂದ ಮತ್ತೆ ಶುರು. ದಾರಿಯಲ್ಲಿ ನೆನಪಾಗಿ ನಕ್ಕೆ, ಎದುರಿಗೆ ಬಂದವರು ತಿರುಗಿ ನೋಡಿದರು.

ಮಾರ್ಚ್ ೨೭

ನಿನ್ನೆ ಯುಗಾದಿ. ಮಾಗ್ದಲೀನಾ ಇವತ್ತು ತಾನೇ ನಮ್ಮ ಮನೆಗೆ ಬಂದಿದ್ದಳು, ನಾನು ಕೂರುವ ಜಾಗ ನೋಡಬೇಕೆಂದು. ಮೊದಲು ಹಿತ್ತಲಲ್ಲಿ ನಿಂತಳು. ಹಿತ್ತಲಿನಿಂದ ಹಂಚು ಕಾಣುವುದಿಲ್ಲವಲ್ಲ, ಒಳಗೆ ಕರೆದೆ.

ಅವಳು ಮಾಲವ್ವ ಬಡಿಯುವುದನ್ನೇ ನೋಡುತ್ತ ನಿಂತಳು. "ಈಕಿ ಭುಜದಿಂದ ಬಡೀತಾಳ ನೋಡು. ಮಣಿಕಟ್ಟು ಸುಮ್ನ ಇರತೈತಿ. ನೀ ಮಣಿಕಟ್ಟಿನಿಂದ ಹೊಡೀತಿ, ಅದಕ ಎಲ್ಲಾ ಭಾರ ಆ ಹಗ್ಗದ ಮ್ಯಾಲೆ." ನನ್ನ ಮಣೆ ಬಹಳ ಕೆಳಗಿದೆ, ಎತ್ತರದ್ದು ಮಾಡಿಸಬೇಕು, ಹಲಗೆಯನ್ನು ಹತ್ತಿರಕ್ಕೆ ಎಳೆದುಕೊಳ್ಳಬೇಕು ಎಂದಳು.

ಮಾಲವ್ವ ತಲೆ ತಗ್ಗಿಸಿ ಬಡಿಯುತ್ತಲೇ ಇದ್ದಳು, ಕಿವಿ ಕೆಂಪಾಗಿತ್ತು. "ಯಾರ ಕಲಿಸಿದ್ರು ನಿನಗ?" ಎಂದು ಕೇಳಿದೆ.

"ಯಾರೂ ಇಲ್ರಿ. ನೀವು ಬಡೀವಾಗ ನೋಡತಿದ್ದೆ. ನನಗ ನಿಮ್ಮಷ್ಟು ಕೈಯಾಗ ತಾಕತ್ತಿಲ್ಲ, ಅದಕ ಮೈ ಎಲ್ಲಾ ಹಾಕತೇನಿ."

ಬೇವು ಬೆಲ್ಲ ಉಳಿದಿತ್ತು, ಮಾಗ್ದಲೀನಾಳಿಗೂ ಕೊಟ್ಟೆ. ಬೇವು ಅಗಿದು ಮುಖ ಹಿಂಡಿದಳು.

ಏಪ್ರಿಲ್ ೧೧

ಮಾಗ್ದಲೀನಾ ಈಸ್ಟರ್ ಹಬ್ಬಕ್ಕೆ ಹಳಿಯಾಳದ ಆಚೆ ತನ್ನ ಹಳ್ಳಿಗೆ ಹೋಗಿದ್ದಾಳೆ. ಬರುವವರೆಗೆ ಕೈ ತಿಕ್ಕುವುದನ್ನು ಮಾಲವ್ವನಿಗೆ ಕಲಿಸಿ ಹೋದಳು, ಹೆಬ್ಬೆರಳು ಎಲ್ಲಿ ಇಡಬೇಕೆಂದು ಅವಳ ಕೈ ಹಿಡಿದು ತೋರಿಸಿದಳು. ಮಧ್ಯಾಹ್ನ ಜನ ಉಂಡು ಹೋದ ಮೇಲೆ ಮಾಲವ್ವ ಎಣ್ಣೆಯ ಬಟ್ಟಲು ತಂದು ಕೂತಳು. ಹತ್ತು ವರ್ಷ ಒಂದೇ ಸೂರಿನಡಿ ಇದ್ದೇವೆ. ಅವಳು ನನ್ನ ಕೈ ಹಿಡಿದದ್ದು ಇದೇ ಮೊದಲು.

"ನೋಯ್ತೈತ್ರೇನು ಅಕ್ಕಾ?"

"ಒತ್ತು. ಹೆದರಬ್ಯಾಡ."

ಸ್ವಲ್ಪ ಹೊತ್ತು ತಿಕ್ಕಿ, ತಲೆ ಎತ್ತದೆ ನಮ್ಮ ಮನೆಯವರ ಮಾತು ತೆಗೆದಳು: "ಅವರು ನನ್ನ ರೊಟ್ಟಿ ಒಂದ ಸಲ ತಿಂದಿದ್ರು. ಅರ್ಧಾ ತಿಂದು ತಾಟು ಸರಿಸಿ, ಹಿರೇಕಿನ್ನ ನೋಡಿ ಕಲಿ ಅಂದ್ರು. ಆಮ್ಯಾಲ ನಾ ಹಂಚಿನ ಕಡೆ ಹೋಗಲಿಲ್ಲ."

ನನಗೆ ಇದು ಗೊತ್ತಿರಲಿಲ್ಲ. "ನನ್ನ ಮುಂದ ಬ್ಯಾರೆ ಹೇಳತಿದ್ರಲ್ಲ. ಮಾಲಿ ಸಣ್ಣಾಕಿ, ಆಕಿ ಕೈ ಸುಡೂದು ಬ್ಯಾಡ, ನೀನ ಬಡಿ ಅಂತಿದ್ರು."

ಅವಳ ಹೆಬ್ಬೆರಳು ನಿಂತಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು.

"ನಿಮ್ಮ ಮ್ಯಾಲ ಜೀವ ಇಟ್ಟಾರಂತ ನಾ ತಿಳಿದಿದ್ದೆ" ಅಂದಳು.

"ನಿನ್ನ ಮ್ಯಾಲ ಅಂತ ನಾ."

ಮೊದಲು ನಕ್ಕವಳು ಅವಳು. ಬಾಯಿಗೆ ಸೆರಗು ಮುಚ್ಚಿಕೊಂಡು, ಹೆಗಲು ಕುಣಿಯುವ ಹಾಗೆ. ಸತ್ತವರ ಬಗ್ಗೆ ಹೀಗೆ ನಗಬಾರದು ಎಂದು ಗದರಿಸಲು ಹೋದೆ, ನನಗೂ ತಡೆಯಲಾಗಲಿಲ್ಲ. ಆಮೇಲೆ ಇಬ್ಬರಿಗೂ ಅಳು ಬಂತು. ಎಣ್ಣೆ ಬಟ್ಟಲು ಉರುಳಿ ಚಾಪೆಯೆಲ್ಲ ಎಣ್ಣೆ.

ಏಪ್ರಿಲ್ ೨೯

ತಂಬಿಗೆಯಲ್ಲಿ ಅರ್ಧ ನೀರು. ಚುಚ್ಚುವುದಿಲ್ಲ. ಒದ್ದೆ ಬಟ್ಟೆಯನ್ನು ಮೆಲ್ಲಗೆ ಹಿಂಡುವುದೂ ಶುರುವಾಗಿದೆ. ಬಿಸಿಲು ಬಹಳ. ಒಂದು ಕಡೆ ಮನಸ್ಸು ನಿಲ್ಲುವುದಿಲ್ಲ, ಜಗುಲಿ ಗುಡಿಸಿದ್ದನ್ನೇ ಎಡಗೈಯಲ್ಲಿ ಮತ್ತೆ ಗುಡಿಸುತ್ತೇನೆ. ಮಾಲಿ ಪೊರಕೆ ಕಸಿದುಕೊಂಡಳು.

ಮೇ ೨

ಅಡಿವೆಯ್ಯನವರು ಬಂದಿದ್ದರು. ನಮ್ಮ ಊರ ಕಡೆಯ ಅಯ್ಯನವರು, ದಾಂಡೇಲಿಗೆ ಬಂದಾಗಲೆಲ್ಲ ನಮ್ಮಲ್ಲೇ ಪ್ರಸಾದ. ಮಾಗ್ದಲೀನಾ ಅಡುಗೆಮನೆಯಲ್ಲಿ ನನ್ನ ಕೈ ಹಿಡಿದು ಕೂತಿದ್ದಳು. ಅಯ್ಯನವರು ಬಾಗಿಲಲ್ಲೇ ನಿಂತುಬಿಟ್ಟರು.

"ಶಿವಗಂಗವ್ವ, ಅಡಿಗಿಮನ್ಯಾಗ ಆಕಿನ್ನ ಯಾಕ ಬಿಟ್ಟಿ?"

"ಕೈ ಇಲ್ಲೇ ನೋಯ್ತೈತ್ರಿ ಅಯ್ಯನವರ, ಅದಕ ಇಲ್ಲೇ ಬಂದಾಳ. ಕುಂದರ್ರಿ, ಈಗ ಮುಗೀತೈತಿ."

ಅವರು ಕೂರಲಿಲ್ಲ. ಹೋಗಲಿ. ನನಗೆ ಬೇಸರವಾದದ್ದು ಮಾಗ್ದಲೀನಾ ಅರ್ಧಕ್ಕೇ ಏಳಲು ಹೋದಳೆಂದು. ಕೈ ಎಳೆದು ಕೂರಿಸಿದೆ. ಬಲಗೈಯಿಂದಲೇ ಎಳೆದೆ, ನೋಯಲಿಲ್ಲ. ಊಟ ಮಾಡಿಸಿಯೇ ಕಳಿಸಿದೆ. ಎಣಗಾಯಿ ಅವಳಿಗೆ ಬಹಳ ಸೇರುತ್ತದೆ.

ಮೇ ೧೬

ಮಾಲವ್ವನ ಅಣ್ಣ ದುರ್ಗಪ್ಪ ಸನವಳ್ಳಿಯಿಂದ ಬಂದಿದ್ದ. ಮುಂಡಗೋಡದಲ್ಲಿ ಸೋಮಪ್ಪ ಎಂಬವನಿದ್ದಾನಂತೆ, ಹೆಂಡತಿ ತೀರಿಹೋಗಿದ್ದಾಳೆ, ಹೊಲವಿದೆ, ಮನೆಯಲ್ಲಿ ಮುದುಕಿ ತಾಯಿ. ಮಾಲವ್ವನನ್ನು ಉಡಿಕೆ ಮಾಡಿಕೊಳ್ಳಲು ಒಪ್ಪಿದ್ದಾನೆ. ನಮ್ಮಲ್ಲಿ ಗಂಡ ಸತ್ತವಳಿಗೆ ಹೀಗೆ ಎರಡನೇ ಮದುವೆ ಮಾಡುವುದುಂಟು. ಅವಳಿಗೆ ಇನ್ನೂ ಮೂವತ್ತಾಗಿಲ್ಲ.

"ಆಕಿ ಏನಂತಾಳ?" ಎಂದು ಕೇಳಿದೆ.

"ನಿಮ್ಮನ್ನ ಕೇಳು ಅಂತಾಳ್ರಿ."

ಎಷ್ಟು ವರ್ಷ ಇವಳು ಈ ಮನೆಯಿಂದ ಹೋದರೆ ಸಾಕೆಂದು ದೇವರಿಗೆ ಕೈ ಮುಗಿದಿದ್ದೇನೆ. ಈಗ ಅವಳ ಅಣ್ಣನೇ ಬಂದು ಕೇಳಿದರೆ, "ನನ್ನ ಕೈ ನೆಟ್ಟಗಾಗೂ ತನಕ ಇರಲಿ" ಅಂದೆ. ಖಾನಾವಳಿ ನಡೆಯಬೇಕಲ್ಲ, ಅದಕ್ಕೆ.

"ಆಷಾಢ ಕೂಡೂದ್ರಾಗ ಮುಗಸಬೇಕ್ರಿ" ಎಂದು ಹೇಳಿ ಹೋದ.

ಮೇ ೨೪

ಎತ್ತರದ ಮಣೆಯ ಮೇಲೆ ಕೂತು ಕೆಲವು ರೊಟ್ಟಿ ಬಡಿದೆ. ಭುಜದಿಂದ. ಮಾಲವ್ವ ಪಕ್ಕದಲ್ಲಿ ಕೂತು "ಮಣಿಕಟ್ಟ ಬಿಡ್ರಿ ಅಕ್ಕಾ, ಮಣಿಕಟ್ಟ" ಅನ್ನುತ್ತಿದ್ದಳು. ಮೊದಲನೆಯದು ಕಾಗೆಗೆ ಹಾಕುವ ಹಾಗಿತ್ತು. ಬರುಬರುತ್ತ ಹದ ಸಿಕ್ಕಿತು. ಬೆಳಿಗ್ಗೆ ಎದ್ದು ನೋಡಬೇಕು.

ಮೇ ೨೫

ನೋವಿಲ್ಲ.

ಜೂನ್ ೪

ಮೋಡ ಕಟ್ಟಿ ಸೆಕೆ. ನಿದ್ದೆಯಿಲ್ಲ, ಹಸಿವಿಲ್ಲ. ತುಂಬಿದ ತಂಬಿಗೆ ನಿರಾಯಾಸವಾಗಿ ಇಳಿಸುತ್ತೇನೆ. ದುರ್ಗಪ್ಪ ಮತ್ತೆ ಹೇಳಿಕಳಿಸಿದ್ದಾನೆ. ಮಾಲವ್ವ ಬಂದು, "ಅಕ್ಕಾ, ಕೈ ಹೆಂಗೈತ್ರಿ ಈಗ?" ಎಂದಳು.

"ಇನ್ನೂ ಚುಚ್ಚತೈತಿ" ಅಂದೆ.

ಚುಚ್ಚುತ್ತಿರಲಿಲ್ಲ. ಯಾಕೆ ಹಾಗೆ ಅಂದೆನೋ. ಬಾಯಿಗೆ ಬಂತು, ಅಂದುಬಿಟ್ಟೆ.

ಜೂನ್ ೭

ಮಳೆ ಹಿಡಿಯಿತು. ಒಮ್ಮೆಲೆ ಸುರಿದು ಜಗುಲಿಯ ಮೇಲಿದ್ದ ಹಿಟ್ಟಿನ ಚೀಲ ನೆನೆಯುವ ಹಾಗಾಯಿತು, ಓಡಿಹೋಗಿ ಒಳಗಿಟ್ಟೆ. ಮಾಲವ್ವ ಮತ್ತೆ ಕೇಳಿದಳು. ಮತ್ತೆ ಅದೇ ಹೇಳಿದೆ.

ಜೂನ್ ೯

ಮಾಗ್ದಲೀನಾ ಹೆಬ್ಬೆರಳಿಟ್ಟು ಒತ್ತಿದಳು. ನಾನು ಮುಖ ಕಿವುಚಿದೆ. ಅವಳು ಜಾಗ ಬಿಟ್ಟು ನಾಲ್ಕು ಬೆರಳು ಕೆಳಗೆ ಒತ್ತಿದಳು. ಅಲ್ಲಿಯೂ ಕಿವುಚಿದೆ.

"ಅಲ್ಲಿ ನಿನಗ ಎಂದೂ ನೋವ ಇರಲಿಲ್ಲ ಗಂಗಾಬಾಯಿ" ಅಂದಳು.

ಮಾಲವ್ವ ಬಾವಿಯಿಂದ ನೀರು ಸೇದುವ ಸದ್ದು ಬರುತ್ತಿತ್ತು. ಮಾಗ್ದಲೀನಾ ಅತ್ತ ನೋಡಿದಳು, ನನ್ನ ಕಡೆ ಮುಖ ತಿರುಗಿಸಿದಳು.

"ಕೈ ಗಟ್ಟಿ ಆಗೇತಿ. ನನ್ನ ಕೆಲಸ ಇಲ್ಲಿಗೆ ಮುಗೀತು. ಸಾಧನಾ ಬಿಡಬ್ಯಾಡ, ವಾರದಾಗ ಆಗೊಮ್ಮೆ ಈಗೊಮ್ಮೆ ಮಾಡು. ಉಳಿದದ್ದು ಕೈಯಿಂದ ಆಗೂ ಕೆಲಸ ಅಲ್ಲ."

ಎದ್ದು ಹೋದಳು. ಊಟಕ್ಕೂ ನಿಲ್ಲಲಿಲ್ಲ. ದಿನವಿಡೀ ಒಳಗೆ ಹೊರಗೆ ತಿರುಗಿದೆ.

ಜೂನ್ ೧೦

ಹೇಳಿಬಿಟ್ಟೆ. ಬೆಳಿಗ್ಗೆ ಒಲೆ ಹೊತ್ತಿಸುವಾಗ, ಅವಳ ಬೆನ್ನು ನನ್ನ ಕಡೆ ಇದ್ದಾಗ. ಮುಖ ನೋಡಿ ಹೇಳಲಾಗುತ್ತಿರಲಿಲ್ಲ.

"ಮಾಲಿ, ನನ್ನ ಕೈ ನೆಟ್ಟಗಾಗಿ ಹದಿನೈದು ದಿನ ಆತು. ಸುಳ್ಳ ಹೇಳಿದೆ ನಿನಗ."

ಅವಳು ಊದುತ್ತಿದ್ದ ಕೊಳವೆ ಕೆಳಗಿಟ್ಟಳು. "ಗೊತ್ತಿತ್ರಿ ಅಕ್ಕಾ. ಮಳಿ ಬಂದಾಗ ಹಿಟ್ಟಿನ ಚೀಲ ಒಬ್ಬರ ಎತ್ತಿಕೊಂಡ ಬಂದ್ರಿ. ನಾ ಹಿತ್ತಲಾಗ ನಿಂತು ನೋಡಿದೆ."

"ಮತ್ತ ಯಾಕ ಸುಮ್ಮನಿದ್ದಿ?"

"ನನಗೂ ಇನ್ನೊಂದಿಷ್ಟು ದಿನ ಇರಬೇಕು ಅನಸ್ತು."

"ಹಂಗಾದ್ರ ಹೋಗಾಕ ಮನಸಿಲ್ಲೇನು? ಇದ್ದರ ಇರು. ಯಾರೂ ನಿನ್ನ ಕಳಸೂದಿಲ್ಲ."

ಕೊಳವೆ ಎತ್ತಿ ಒಮ್ಮೆ ಒಲೆ ಊದಿದಳು. "ಹೋಗಬೇಕಂತಾನೂ ಅನಸತೈತ್ರಿ. ಹೋದ ಸಲ ನಮ್ಮಣ್ಣ ಬಂದಾಗ ಆ ಸೋಮಪ್ಪನೂ ಬಂದಿದ್ದ, ಸಂತಿ ಕಡೆ ನಿಂತಿದ್ದ. ನಾ ನೀರಿಗೆ ಹೋದಾಗ ಕೇಳಿದ, ನಿನಗ ಬರಾಕ ಮನಸು ಐತೋ ಇಲ್ಲೋ, ನನ್ನ ಮುಂದ ಹೇಳು ಅಂತ. ನನ್ನ ಮನಸು ಯಾರೂ ಎಂದೂ ಕೇಳಿರಲಿಲ್ಲ ಅಕ್ಕಾ."

ನಾನೂ ಕೇಳಿರಲಿಲ್ಲ.

"ಹೋಗು" ಅಂದೆ. ಎಸರು ಕುದಿಯಿತು. ಇಳಿಸಲು ಅವಳು ಕೈ ಚಾಚಿದಳು, ಬಿಡು ಅಂದು ನಾನೇ ಇಳಿಸಿದೆ.

ಜೂನ್ ೧೮

ಹಳಿಯಾಳದವರೆಗೆ ಹೋಗಿ ಬಸ್ಸು ಹತ್ತಿಸಿ ಬಂದೆ. ಉಡಿಕೆ ನಾಡಿದ್ದು ಸನವಳ್ಳಿಯಲ್ಲಿ. ಅಲ್ಲಿಗೆ ಸವತಿ ಬರುವುದು ಚೆನ್ನಾಗಿರುವುದಿಲ್ಲವೆಂದು ದುರ್ಗಪ್ಪ ಸುತ್ತಿ ಬಳಸಿ ಹೇಳಿದ. ತಿಳಿಯಿತು ಅಂದೆ.

ಬಸ್‌ಸ್ಟ್ಯಾಂಡಿನಲ್ಲಿ ಮಳೆ, ಕೆಸರು. ದುರ್ಗಪ್ಪ ಚಹಾ ಕುಡಿಯಲು ಹೋದವನು ಬರಲೇ ಇಲ್ಲ, ಬಸ್ಸು ಬಿಡುವ ಹೊತ್ತಾಯಿತು. ಟ್ರಂಕು ಕೆಳಗೇ ಇತ್ತು. ಅದರಲ್ಲಿ ಅವಳ ಸೀರೆಗಳು, ಹಿತ್ತಾಳೆ ಪಾತ್ರೆ, ನಾನು ಕೊಟ್ಟ ಇಳಕಲ್ ಸೀರೆ. ಕಂಡಕ್ಟರ್ ಬಸ್ಸಿನ ಟಪ್ಪಿನ ಮೇಲಿಂದ "ಯಾರದ್ರೀ ಇದು? ಮ್ಯಾಲ ಕೊಡ್ರಿ, ಲಗೂ ಕೊಡ್ರಿ" ಎಂದು ಒದರುತ್ತಿದ್ದ. ಹಿಡಿಕೆ ಹಿಡಿದು, ಮೊಣಕಾಲಿಗೆ ಒರಗಿಸಿ, ಎರಡೂ ಕೈಯಿಂದ ತಲೆಯ ಮೇಲೆತ್ತಿ ಕೊಟ್ಟೆ.

"ಅಕ್ಕಾ, ಕೈ!" ಎಂದು ಕಿಟಕಿಯಿಂದ ಮಾಲಿ ಚೀರಿದಳು.

"ಕೈಗೆ ಏನಾಗೇತಿ? ನೀ ಒಳಗ ಕುಂದರು, ತೋಯ್ಸಿಕೋಬ್ಯಾಡ."

ಬಸ್ಸು ಹೋಯಿತು. ಕೈಗೆ ಏನೂ ಆಗಲಿಲ್ಲ. ಸಂಜೆ ರೊಟ್ಟಿ ಬಡಿಯುವಾಗ ನಡುನಡುವೆ ನಿಲ್ಲಿಸಿ ಮೊಣಕೈ ಒತ್ತಿ ನೋಡಿದೆ. ಇಲ್ಲ, ಏನೂ ಇಲ್ಲ. ನೋವಿದ್ದಿದ್ದರೆ ಅದನ್ನಾದರೂ ನೋಡಿಕೊಂಡು ಕೂರುತ್ತಿದ್ದೆ.

ಜೂನ್ ೩೦

ಕಾಶೆವ್ವ ಕೆಲಸಕ್ಕೆ ಬರುತ್ತಿದ್ದಾಳೆ. ಅವಳ ಗಂಡ ಕಾರ್ಖಾನೆಯಲ್ಲಿದ್ದಾನೆ. ಮೊದಲ ದಿನವೇ ಹಂಚಿನ ಮುಂದೆ ಕೂರಿಸಿದೆ. ಅರ್ಧ ಅವಳು, ಅರ್ಧ ನಾನು. "ಮಣಿಕಟ್ಟ ಬಿಡು, ಭುಜದಿಂದ" ಎಂದು ಹೇಳಿ ಹೇಳಿ ಬಾಯಿ ನೋಯುತ್ತಿದೆ. ಮಾಗ್ದಲೀನಾ ಬಂದು ಕೂತು ನಗುತ್ತಾಳೆ.

ಜುಲೈ ೨೩

ಮುಂಡಗೋಡದಿಂದ ಬರೆಯುತ್ತಿದ್ದೇನೆ. ನಾಗರ ಪಂಚಮಿಗೆ ಎರಡು ದಿನ ಉಳಿದಿದೆ. ಖಾನಾವಳಿಯನ್ನು ಕಾಶೆವ್ವನಿಗೆ ಒಪ್ಪಿಸಿ ಬೆಳಿಗ್ಗೆ ಹೊರಟೆ. ಹೆಣ್ಣುಮಕ್ಕಳು ತವರಿಗೆ ಹೋಗುವ ಹಬ್ಬ, ಬಸ್ಸಿನಲ್ಲಿ ಜಾಗ ಸಿಗಲಿಲ್ಲ, ದಾರಿಯುದ್ದಕ್ಕೂ ಕಂಬಿ ಹಿಡಿದು ನಿಂತೇ ಬಂದೆ. ಇಳಿದ ಮೇಲೆ ನೆನಪಾಯಿತು, ಹಿಡಿದದ್ದು ಬಲಗೈಯಿಂದ.

ಸೋಮಪ್ಪನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅವನು ಹೊಲಕ್ಕೆ ಹೋಗಿದ್ದ. ಅವನ ತಾಯಿ ಶಿವವ್ವ ಬಾಗಿಲಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು, ಕಣ್ಣು ಮಂದವಾಗಿದೆ. ದುರ್ಗಪ್ಪನಿಗೆ ನಾನು ಬರುವ ವಿಷಯ ಹೇಳಿರಲಿಲ್ಲ. ದಾರಿಯಲ್ಲಿ ಏನೇನೋ ಯೋಚಿಸಿಕೊಂಡು ಬಂದಿದ್ದೆ. ಬಾಗಿಲಿಗೆ ಬಂದ ಮೇಲೆ ಒಂದೂ ನೆನಪಾಗಲಿಲ್ಲ.

"ಯಾರವ್ವಾ?"

"ದಾಂಡೇಲಿಯಿಂದ ಬಂದೇನ್ರಿ. ಮಾಲವ್ವ ಅದಾಳೇನ್ರಿ?"

"ಒಳಗ ಅದಾಳ. ನೀವು ಆಕಿಗೆ ಏನಾಗಬೇಕು?"

ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು, ಹಗುರವಾಗಿ, ಒಂದೇ ಸಮನೆ. ನನ್ನ ದನಿ ಕೇಳಿ ಅದು ನಿಂತಿತು.

"ತವರುಮನಿಯವರ್ರಿ" ಅಂದೆ. "ಪಂಚಮಿಗೆ ಕರಕೊಂಡ ಹೋಗಾಕ ಬಂದೇನಿ."